ಡೀಸೆಲ್ ದೋಣಿಗೆ ಇಂಧನ ತುಂಬುವಾಗ ಆಗುವ ವಿಳಂಬ ಮತ್ತು ಸೋರಿಕೆ: ಕಾರಣ, ಪರೀಕ್ಷೆ, ಪರಿಹಾರ

(ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)

2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿಯು ಉಕ್ಕಿ ಹರಿದು, ಅಫಜಲಪುರ, ಜೇವರ್ಗಿ, ಚಿತ್ತಾಪುರ ಮೊದಲಾದ ತಾಲ್ಲೂಕುಗಳ ನದಿತೀರದ ಗ್ರಾಮಗಳು ಜಲಾವೃತವಾದುದನ್ನು ಸದಸ್ಯರು ಮರೆತಿರಲಾರರು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಹೊರಬಿಟ್ಟ ನೀರು ಸೊನ್ನ ಬ್ಯಾರೇಜನ್ನು ದಾಟಿ ಬಂದಾಗ, ಅನೇಕ ಕಡೆಗಳಲ್ಲಿ ಜನರನ್ನು ಸುರಕ್ಷಿತ ಸ್ಥಳಕ್ಕೆ ತರಲು ದೋಣಿಗಳೇ ಆಧಾರವಾದವು. ಅಂತಹ ಸಂದರ್ಭದಲ್ಲಿ ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಇಂಧನ ತುಂಬುವ ಕೆಲಸಕ್ಕೆ ಅರ್ಧ ಗಂಟೆ ಹಿಡಿದರೆ, ಅದರ ಬೆಲೆಯನ್ನು ತೆರುವವರು ಮನೆಯ ಮಾಳಿಗೆಯ ಮೇಲೆ ಕಾದು ಕುಳಿತವರು.

ಸಣ್ಣ ಡೀಸೆಲ್ ದೋಣಿಗಳಲ್ಲಿ ಎರಡು ದೂರುಗಳು ಪದೇ ಪದೇ ಕೇಳಿಬರುತ್ತವೆ. ಒಂದು, ಟ್ಯಾಂಕಿಗೆ ಇಂಧನ ಇಳಿಯುವುದೇ ಇಲ್ಲ. ಪಂಪಿನ ನಳಿಕೆಯು ಮತ್ತೆ ಮತ್ತೆ ತಾನಾಗಿಯೇ ನಿಂತುಹೋಗುತ್ತದೆ. ಎರಡು, ಟ್ಯಾಂಕು ತುಂಬುವ ಮೊದಲೇ ದೋಣಿಯ ಪಕ್ಕದ ಗಾಳಿ ಕೊಳವೆಯಿಂದ ಡೀಸೆಲ್ ಚಿಮ್ಮಿ ನೀರಿಗೆ ಬೀಳುತ್ತದೆ. ಇವೆರಡನ್ನೂ ಬೇರೆ ಬೇರೆ ದೋಷಗಳೆಂದು ಎಣಿಸಿ, ಪಂಪನ್ನೋ ಟ್ಯಾಂಕನ್ನೋ ಬದಲಿಸುವುದುಂಟು. ವಾಸ್ತವವಾಗಿ ಬಹುತೇಕ ಸಂದರ್ಭಗಳಲ್ಲಿ ದೋಷ ಒಂದೇ: ಟ್ಯಾಂಕಿನೊಳಗಿನ ಗಾಳಿಗೆ ಹೊರಬರಲು ಸರಾಗವಾದ ದಾರಿ ಇಲ್ಲದಿರುವುದು.

ಗಾಳಿ ಹೊರಬಂದರೆ ಮಾತ್ರ ಇಂಧನ ಒಳಹೋಗುತ್ತದೆ

ಕಿರಿದಾದ ಬಾಯಿಯ ಕೊಡವನ್ನು ಬಾವಿಯಲ್ಲಿ ಮುಳುಗಿಸಿದಾಗ ಅದು ಬುಡುಬುಡು ಸದ್ದು ಮಾಡುತ್ತಾ ನಿಧಾನವಾಗಿ ತುಂಬುತ್ತದೆ. ಒಳಗಿನ ಗಾಳಿ ಹೊರಬರುವುದೂ ನೀರು ಒಳಹೋಗುವುದೂ ಒಂದೇ ಬಾಯಿಯ ಮೂಲಕ ನಡೆಯುವುದೇ ಇದಕ್ಕೆ ಕಾರಣ. ಸೀಸೆಯ ಬಾಯಿಗೆ ಲಾಳಿಕೆಯನ್ನು ಬಿಗಿಯಾಗಿ ಇಟ್ಟು ಎಣ್ಣೆ ಸುರಿದರೆ ಎಣ್ಣೆ ಲಾಳಿಕೆಯಲ್ಲೇ ನಿಲ್ಲುತ್ತದೆ. ಲಾಳಿಕೆಯನ್ನು ಸ್ವಲ್ಪ ಎತ್ತಿದೊಡನೆ ಸರಸರನೆ ಇಳಿಯುತ್ತದೆ. ದೋಣಿಯ ಟ್ಯಾಂಕಿನ ನಿಯಮವೂ ಇದೇ. ನಿಮಿಷಕ್ಕೆ 30 ಲೀಟರ್ ಡೀಸೆಲ್ ಒಳಹೋಗಬೇಕಾದರೆ ಅದೇ ನಿಮಿಷದಲ್ಲಿ 30 ಲೀಟರ್ ಗಾಳಿ ಹೊರಬರಲೇಬೇಕು.

ಈ ಕಾರಣದಿಂದಲೇ ಟ್ಯಾಂಕಿಗೆ ಎರಡು ಕೊಳವೆಗಳಿರುತ್ತವೆ. ಇಂಧನ ತುಂಬುವ ಕೊಳವೆಯು ಸಾಮಾನ್ಯವಾಗಿ 38 ಮಿ.ಮೀ. ಒಳವ್ಯಾಸದ್ದು, ಗಾಳಿ ಕೊಳವೆಯು 16 ಮಿ.ಮೀ. ಆಸುಪಾಸಿನದು. ಗಾಳಿ ತೆಳುವಾದುದರಿಂದ ಅಷ್ಟು ಚಿಕ್ಕ ಕೊಳವೆಯೂ ಸಾಕು. ಆದರೆ ಅದು ಪೂರ್ಣವಾಗಿ ತೆರೆದಿರಬೇಕು. ಅದು ಕಟ್ಟಿಕೊಂಡರೆ ಟ್ಯಾಂಕಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡವು ಡೀಸೆಲನ್ನು ತುಂಬುವ ಕೊಳವೆಯಲ್ಲೇ ತಡೆದು ನಿಲ್ಲಿಸುತ್ತದೆ. ನಿಂತ ಡೀಸೆಲ್ ನೊರೆಗಟ್ಟಿ ನಳಿಕೆಯ ತುದಿಯಲ್ಲಿರುವ ಚಿಕ್ಕ ರಂಧ್ರವನ್ನು ಮುಟ್ಟಿದೊಡನೆ, ಟ್ಯಾಂಕು ತುಂಬಿತೆಂದು ತಿಳಿದು ನಳಿಕೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬಂಕಿನ ಸಿಬ್ಬಂದಿ ಮತ್ತೆ ಒತ್ತುತ್ತಾರೆ, ಅದು ಮತ್ತೆ ಮುಚ್ಚುತ್ತದೆ. ಇದು ಮೊದಲನೆಯ ದೂರು.

ಒಳಗಿನ ಒತ್ತಡ ಇನ್ನಷ್ಟು ಏರಿದಾಗ ಗಾಳಿಯು ಅಡ್ಡಿಯನ್ನು ಭೇದಿಸಿ ಒಮ್ಮೆಲೇ ಹೊರನುಗ್ಗುತ್ತದೆ. ಹಾಗೆ ನುಗ್ಗುವಾಗ ಕೊಳವೆಯಲ್ಲಿದ್ದ ಡೀಸೆಲನ್ನೂ ನೊರೆಯನ್ನೂ ಹೊತ್ತು ತರುತ್ತದೆ. ಇದು ಎರಡನೆಯ ದೂರು. ಆದುದರಿಂದ ಗಾಳಿ ಕೊಳವೆಯಿಂದ ಡೀಸೆಲ್ ಚಿಮ್ಮಿತೆಂದ ಮಾತ್ರಕ್ಕೆ ಟ್ಯಾಂಕು ತುಂಬಿದೆಯೆಂದು ಭಾವಿಸಬಾರದು. ಅರ್ಧ ಟ್ಯಾಂಕಿನೊಂದಿಗೆ ಹೊರಟ ದೋಣಿ ಪ್ರವಾಹದ ನಡುವೆ ನಿಲ್ಲುವ ಅಪಾಯ ಇಲ್ಲಿಯೇ ಅಡಗಿದೆ.

ಗಾಳಿಯ ದಾರಿ ಕೆಡುವ ಬಗೆಗಳು

1. ಕೊಳವೆಯು ಜೋತುಬಿದ್ದಿರುವುದು. ಇದು ಅತಿ ಸಾಮಾನ್ಯವಾದ, ಆದರೆ ಕಣ್ಣಿಗೆ ಬೀಳದ ಕಾರಣ. ಗಾಳಿ ಕೊಳವೆಯು ಟ್ಯಾಂಕಿನಿಂದ ಹೊರಬಾಯಿಯವರೆಗೆ ಏರುಮುಖವಾಗಿಯೇ ಸಾಗಬೇಕು. ನಡುವೆ ತೊಟ್ಟಿಲಂತೆ ಜೋತುಬಿದ್ದರೆ ಆ ತಗ್ಗಿನಲ್ಲಿ ಡೀಸೆಲ್ ನಿಲ್ಲುತ್ತದೆ. ಒಂದು ಗೇಣು ಆಳದ ಡೀಸೆಲ್ ನಿಂತರೂ, ಅದನ್ನು ತಳ್ಳಿ ಹೊರಬರುವಷ್ಟು ಒತ್ತಡ ಒಳಗೆ ಹುಟ್ಟುವವರೆಗೆ ಗಾಳಿ ಹೊರಬಾರದು.

2. ಹೊರಬಾಯಿ ಮುಚ್ಚಿಕೊಂಡಿರುವುದು. ವರ್ಷದ ಬಹುಕಾಲ ದೋಣಿ ದಡದ ಮೇಲೆಯೇ ನಿಂತಿರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂತಹ ಕೊಳವೆಯ ಬಾಯಿ ಹೇಳಿ ಮಾಡಿಸಿದ ತಾಣ. ಬಾಯಿಗೆ ಹಾಕಿದ ಸಣ್ಣ ಜಾಲರಿಯು ದೂಳಿನಿಂದಲೋ, ದೋಣಿಗೆ ಬಣ್ಣ ಬಳಿದಾಗ ಬಣ್ಣದಿಂದಲೋ ಮುಚ್ಚಿಹೋಗುವುದೂ ಉಂಟು.

3. ಕೊಳವೆ ಮಡಚಿಕೊಂಡಿರುವುದು ಅಥವಾ ಒಳಪದರ ಊದಿರುವುದು. ಇಂಧನಕ್ಕೆ ಯೋಗ್ಯವಲ್ಲದ ಸಾಮಾನ್ಯ ನೀರಿನ ಪೈಪನ್ನು ಬಳಸಿದಲ್ಲಿ ಡೀಸೆಲ್ ತಾಗಿ ಅದು ಮೆತ್ತಗಾಗಿ ಒಳಗೇ ಕುಸಿಯಬಹುದು. ಹೊರಗಿನಿಂದ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ.

4. ದೋಣಿ ವಾಲಿರುವುದು. ದಡದ ಇಳಿಜಾರಿನಲ್ಲಿ ಹಿಂಭಾಗ ತಗ್ಗಿರುವಾಗ ಅಥವಾ ಜನ ಒಂದೇ ಪಕ್ಕಕ್ಕೆ ನಿಂತಾಗ, ಗಾಳಿ ಕೊಳವೆ ಸೇರುವ ರಂಧ್ರವು ಡೀಸೆಲಿನಲ್ಲಿ ಮುಳುಗುತ್ತದೆ. ಗಾಳಿ ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ಸಿಕ್ಕಿಕೊಂಡು, ಅದರ ಬದಲಿಗೆ ಡೀಸೆಲ್ ಹೊರಬರುತ್ತದೆ.

5. ಅತಿಯಾಗಿ ತುಂಬುವುದು. ಬಿಸಿಯಾದಂತೆ ಡೀಸೆಲ್ ಹಿಗ್ಗುತ್ತದೆ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಲೀಟರ್ ಡೀಸೆಲ್ ಸುಮಾರು ಒಂದೂವರೆ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಕಾದ ಲೋಹದ ಟ್ಯಾಂಕಿಗೆ ಇದೇನೂ ದೊಡ್ಡ ಏರಿಕೆಯಲ್ಲ. ಬೆಳಿಗ್ಗೆ ಕಂಠಮಟ್ಟ ತುಂಬಿಸಿದ ಟ್ಯಾಂಕು ಮಧ್ಯಾಹ್ನ ತಾನಾಗಿಯೇ ಸೋರುವುದು ಈ ಕಾರಣದಿಂದ.

ಪರೀಕ್ಷಿಸುವ ಕ್ರಮ

ಪರೀಕ್ಷೆಗೆ ಬೆಲೆಬಾಳುವ ಉಪಕರಣ ಬೇಕಿಲ್ಲ. ಇಂಧನ ತುಂಬುವಾಗ ಒಬ್ಬರು ಗಾಳಿ ಕೊಳವೆಯ ಬಾಯಿಯ ಬಳಿ ಅಂಗೈ ಹಿಡಿದು ನಿಲ್ಲಲಿ. ಗಾಳಿ ಒಂದೇ ಸಮನೆ ತಾಗುತ್ತಿದ್ದರೆ ದಾರಿ ಸರಿಯಿದೆ. ಗಾಳಿ ತಾಗದಿದ್ದರೆ ಅಥವಾ ಬಿಟ್ಟು ಬಿಟ್ಟು ಗುಳುಗುಳು ಸದ್ದಿನೊಂದಿಗೆ ಬರುತ್ತಿದ್ದರೆ ಅಡ್ಡಿ ಇದೆಯೆಂದು ತಿಳಿಯಬೇಕು.

ಎರಡನೆಯ ಪರೀಕ್ಷೆ ಎಂಜಿನ್ ಓಡಿಸಿದ ಮೇಲಿನದು. ಟ್ಯಾಂಕಿನ ಮುಚ್ಚಳ ಬಿಗಿದು ಅರ್ಧ ಗಂಟೆ ಎಂಜಿನ್ ಓಡಿಸಿ, ನಿಲ್ಲಿಸಿ, ಮುಚ್ಚಳವನ್ನು ಮೆಲ್ಲಗೆ ಸಡಿಲಿಸಬೇಕು. ಹೊರಗಿನ ಗಾಳಿಯನ್ನು ಟ್ಯಾಂಕು ‘ಹುಸ್’ ಎಂದು ಒಳಗೆಳೆದುಕೊಂಡರೆ ಗಾಳಿ ಕೊಳವೆ ಮುಚ್ಚಿದೆ ಎಂದರ್ಥ. ಇದು ತುಂಬುವ ತೊಂದರೆಗಿಂತಲೂ ಗಂಭೀರವಾದುದು. ಖರ್ಚಾದ ಡೀಸೆಲಿನ ಜಾಗಕ್ಕೆ ಗಾಳಿ ಬಾರದಿದ್ದರೆ ಎಂಜಿನ್ನಿಗೆ ಇಂಧನ ಎಳೆಯಲಾಗದೆ ಅದು ನಡುನೀರಿನಲ್ಲಿ ನಿಂತುಹೋಗಬಹುದು.

ಸರಿಪಡಿಸುವ ಕ್ರಮ

ಮೊದಲು ಹೊರಬಾಯಿಯ ಜಾಲರಿಯನ್ನು ಬಿಚ್ಚಿ ತೊಳೆಯಬೇಕು. ಬಳಿಕ ಗಾಳಿ ಕೊಳವೆಯನ್ನು ಟ್ಯಾಂಕಿನಿಂದ ಕಳಚಿ, ತಗ್ಗಿನಲ್ಲಿ ನಿಂತ ಡೀಸೆಲನ್ನು ಡಬ್ಬಿಗೆ ಇಳಿಸಿ, ಕೊಳವೆಯೊಳಗೆ ಗಾಳಿ ಹಾಯಿಸಿ ನೋಡಬೇಕು. ಕೊಳವೆ ಟ್ಯಾಂಕಿಗೆ ಜೋಡಿಸಿಕೊಂಡಿರುವಾಗ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಹೊಡೆಯಲೇಬಾರದು. ಟ್ಯಾಂಕು ಉಬ್ಬಿ ಬೆಸುಗೆ ಬಿಡುವ ಸಂಭವವಿದೆ. ಬಾಯಿಂದ ಡೀಸೆಲ್ ಎಳೆಯುವುದೂ ಸಲ್ಲದು. ಅದು ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಾಪಾಯವಿದೆ.

ಮರುಜೋಡಿಸುವಾಗ ಕೊಳವೆಯನ್ನು ಅಲ್ಲಲ್ಲಿ ಹಿಡಿಕೆಗಳಿಂದ ಕಟ್ಟಿ, ಎಲ್ಲಿಯೂ ಜೋಲದಂತೆ ಏರುಮುಖವಾಗಿ ಒಯ್ಯಬೇಕು. ಹೊರಬಾಯಿಗೆ ಮುನ್ನ ಅದನ್ನು ಸಾಧ್ಯವಾದಷ್ಟು ಎತ್ತರಕ್ಕೆ ಒಯ್ದು ಬಾಗಿಸಿದರೆ, ಅಲೆಯ ನೀರು ಒಳಬರುವುದೂ ಡೀಸೆಲ್ ಹೊರಚೆಲ್ಲುವುದೂ ತಪ್ಪುತ್ತದೆ. ಊದಿದ ಅಥವಾ ಬಿರುಕುಬಿಟ್ಟ ಕೊಳವೆಯನ್ನು ಇಂಧನಕ್ಕೆಂದೇ ತಯಾರಾದ ಕೊಳವೆಯಿಂದ ಬದಲಿಸಬೇಕು. ಇಷ್ಟಾದರೂ ನೊರೆ ಚಿಮ್ಮುತ್ತಿದ್ದರೆ, ಗಾಳಿಯನ್ನು ಹೊರಬಿಟ್ಟು ಡೀಸೆಲನ್ನು ಟ್ಯಾಂಕಿಗೇ ಮರಳಿಸುವ ಸಣ್ಣ ಬಟ್ಟಲನ್ನು ಗಾಳಿ ಕೊಳವೆಗೆ ಅಳವಡಿಸಲು ಅನುಭವಿ ಮೆಕ್ಯಾನಿಕರನ್ನು ಕೇಳಬಹುದು.

ಇಂಧನ ತುಂಬುವಾಗ ಪಾಲಿಸಬೇಕಾದ ಅಂಶಗಳು

1. ಎಂಜಿನ್ ನಿಲ್ಲಿಸಿ, ಜನರನ್ನು ಇಳಿಸಿ, ದೋಣಿಯನ್ನು ಸಮತಟ್ಟಾಗಿ ನಿಲ್ಲಿಸುವುದು. ಬೀಡಿ, ಸಿಗರೇಟು, ಒಲೆ ಹತ್ತಿರ ಇರಬಾರದು.
2. ಅಳತೆ ಕಡ್ಡಿಯಿಂದ ಉಳಿದ ಇಂಧನವನ್ನು ಅಳೆದು, ಎಷ್ಟು ಲೀಟರ್ ಬೇಕೆಂದು ಮೊದಲೇ ನಿಗದಿಪಡಿಸುವುದು. ಟ್ಯಾಂಕಿನ ಸಾಮರ್ಥ್ಯವನ್ನು ಅದರ ಮೇಲೆಯೇ ಬರೆಸುವುದು.
3. ಒಬ್ಬರು ನಳಿಕೆಯ ಬಳಿ, ಇನ್ನೊಬ್ಬರು ಬಟ್ಟೆ ಮತ್ತು ಡಬ್ಬಿಯೊಂದಿಗೆ ಗಾಳಿ ಕೊಳವೆಯ ಬಳಿ ನಿಲ್ಲುವುದು.
4. ಟ್ಯಾಂಕಿನ ಶೇ. 90ರಿಂದ 95ರಷ್ಟು ಮಾತ್ರ ತುಂಬಿಸುವುದು. ಕೊನೆಯ ಭಾಗವನ್ನು ನಿಧಾನವಾಗಿ ತುಂಬಿಸುವುದು. ಗಾಳಿಯ ಸದ್ದು ಬದಲಾದೊಡನೆ ನಿಲ್ಲಿಸುವುದು.

ಡೀಸೆಲ್ ದೋಣಿ ಇಲ್ಲದ ಪಂಚಾಯತಿಗಳಿಗೂ ಅನ್ವಯ

ಡೀಸೆಲ್ ಎಂಜಿನ್ ದೋಣಿಗಳು ಹೆಚ್ಚಾಗಿ ಕಾಣುವುದು ಮಂಗಳೂರು, ಮಲ್ಪೆ, ಕಾರವಾರಗಳ ಮೀನುಗಾರಿಕೆ ಬಂದರುಗಳಲ್ಲಿ. ನೆರೆಯ ಸಮಯದಲ್ಲಿ ನಮ್ಮಲ್ಲಿಗೆ ಬರುವ ರಕ್ಷಣಾ ದೋಣಿಗಳಲ್ಲಿ ಬಹುಪಾಲು ಹಿಂಬದಿಗೆ ಕಟ್ಟುವ ಪೆಟ್ರೋಲ್ ಎಂಜಿನ್ನಿನವು. ಅವುಗಳ ಕೈಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗಾಗಿ ಚಿಕ್ಕ ತಿರುಪು ಇರುತ್ತದೆ. ಹೊರಡುವ ಮುನ್ನ ಅದನ್ನು ತೆರೆಯಲು ಮರೆತರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಡೀಸೆಲಿಗಿಂತ ಬಹಳ ಬೇಗ ಹೊತ್ತಿಕೊಳ್ಳುವುದರಿಂದ, ಕೈಟ್ಯಾಂಕನ್ನು ದೋಣಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು.

ಕಲಬುರಗಿ ನಗರದ ಕೋಟೆಯ ಸುತ್ತಮುತ್ತಲಾಗಲಿ ಕಮಲಾಪುರ ಭಾಗದಲ್ಲಾಗಲಿ ಭೀಮೆಯ ಪ್ರವಾಹವಿಲ್ಲ. ಆದರೆ ವಿದ್ಯುತ್ ಕೈಕೊಟ್ಟಾಗ ಕುಡಿಯುವ ನೀರೆತ್ತಲು ಅಥವಾ ಕಚೇರಿ ನಡೆಸಲು ಡೀಸೆಲ್ ಜನರೇಟರ್ ಇರುವ ಕಡೆಗಳಲ್ಲಿ ಇದೇ ದೋಷ ಇದೇ ರೀತಿ ಕಾಣಿಸಿಕೊಳ್ಳುತ್ತದೆ. ಮೇಲಿನ ಪರೀಕ್ಷೆಗಳನ್ನು ಅಲ್ಲಿಯೂ ನಡೆಸಬಹುದು.

ನೀರಿಗೆ ಬಿದ್ದ ಡೀಸೆಲ್

ಭೀಮಾ ನದಿಯ ನೀರನ್ನು ತೀರದ ಗ್ರಾಮಗಳಷ್ಟೇ ಅಲ್ಲ, ಸರಡಗಿ ಬ್ಯಾರೇಜಿನ ಮೂಲಕ ಕಲಬುರಗಿ ನಗರವೂ ಕುಡಿಯುತ್ತದೆ. ಡೀಸೆಲ್ ನೀರಿನ ಮೇಲೆ ತೆಳುಪೊರೆಯಾಗಿ ಹರಡುವುದರಿಂದ, ಸ್ವಲ್ಪವೇ ಚೆಲ್ಲಿದರೂ ಬಹುದೂರ ವ್ಯಾಪಿಸುತ್ತದೆ. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮ, 1974ರ 24ನೇ ಪ್ರಕರಣವು ಹೊಳೆ, ಬಾವಿಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ. ಚೆಲ್ಲಿದ ಡೀಸೆಲನ್ನು ಹಳೆಯ ಬಟ್ಟೆ, ಗೋಣಿ ಅಥವಾ ಹೊಟ್ಟಿನಿಂದ ಹೀರಿಸಿ ತೆಗೆಯಬೇಕು. ಸೋಪಿನ ಪುಡಿ ಹಾಕಿದರೆ ಪೊರೆ ಕಣ್ಮರೆಯಾಗುತ್ತದೆಯೇ ಹೊರತು ಡೀಸೆಲ್ ಹೋಗುವುದಿಲ್ಲ. ಅದು ನೀರಿನೊಳಗೆ ಇನ್ನಷ್ಟು ಬೆರೆತು ಜಲಚರಗಳಿಗೆ ಹೆಚ್ಚು ಹಾನಿ ಮಾಡುತ್ತದೆ.

ಗ್ರಾಮ ಪಂಚಾಯತಿಯ ಹೊಣೆ

ಈ ದೋಷವು ಪ್ರವಾಹದ ದಿನ ಹುಟ್ಟುವುದಲ್ಲ. ದೋಣಿ ದಡದಲ್ಲಿ ಸುಮ್ಮನೆ ನಿಂತ ತಿಂಗಳುಗಳಲ್ಲಿ ಹುಟ್ಟಿ, ಪ್ರವಾಹದ ದಿನ ಕಾಣಿಸಿಕೊಳ್ಳುತ್ತದೆ. ಆದುದರಿಂದ ದೋಣಿ ಅಥವಾ ಜನರೇಟರ್ ಹೊಂದಿರುವ ಪಂಚಾಯತಿಗಳು ಪ್ರತಿ ವರ್ಷ ಮೇ ತಿಂಗಳೊಳಗೆ ಗಾಳಿ ಕೊಳವೆಯ ಪರೀಕ್ಷೆ ನಡೆಸಿ, ಫಲಿತಾಂಶವನ್ನು ವಹಿಯಲ್ಲಿ ದಾಖಲಿಸಿ ಸಾಮಾನ್ಯ ಸಭೆಯ ಮುಂದಿಡುವುದು ಸೂಕ್ತ. ಖಾಸಗಿ ದೋಣಿಗಳನ್ನು ಬಾಡಿಗೆಗೆ ಪಡೆಯುವ ಪಂಚಾಯತಿಗಳು ಒಪ್ಪಂದಕ್ಕೆ ಮೊದಲೇ ಸದಸ್ಯರೊಬ್ಬರ ಸಮಕ್ಷಮದಲ್ಲಿ ಇಂಧನ ತುಂಬಿಸಿ ನೋಡಬೇಕು. ತುರ್ತು ಬಳಕೆಗೆ ಡೀಸೆಲ್ ಸಂಗ್ರಹಿಸುವವರು ಪೆಟ್ರೋಲಿಯಂ ಅಧಿನಿಯಮ, 1934ರ ಮಿತಿಯನ್ನು ನೆನಪಿಡಬೇಕು: ಪರವಾನಗಿ ಇಲ್ಲದೆ ಒಟ್ಟು 2,500 ಲೀಟರ್, ಒಂದು ಪಾತ್ರೆಯಲ್ಲಿ 1,000 ಲೀಟರ್ ಮೀರುವಂತಿಲ್ಲ.

ಒಂದು ಜಾಲರಿಯನ್ನು ತೊಳೆಯುವುದಕ್ಕೂ ಒಂದು ಕೊಳವೆಯನ್ನು ಎತ್ತಿ ಕಟ್ಟುವುದಕ್ಕೂ ಅರ್ಧ ದಿನ ಸಾಕು. ಮಳೆಗಾಲಕ್ಕೆ ಮುನ್ನ ಆ ಅರ್ಧ ದಿನವನ್ನು ಮೀಸಲಿಟ್ಟರೆ, ಕರೆ ಬಂದ ರಾತ್ರಿ ದೋಣಿ ತಡವಿಲ್ಲದೆ ಹೊರಡುತ್ತದೆ.