ಚೀಲವನ್ನು ತಿನ್ನುವವರು ಯಾರು?

2024ರ ಜೂನ್ 1ರಿಂದ ದುಬೈಯ ಅಂಗಡಿಗಳಲ್ಲಿ ಒಮ್ಮೆ ಬಳಸಿ ಎಸೆಯುವ ಚೀಲಗಳಿಗೆ ನಿಷೇಧ ಬಂತು. ‘ಬಯೋಡಿಗ್ರೇಡಬಲ್’ ಪ್ಲಾಸ್ಟಿಕ್ ಚೀಲಗಳಿಗೂ ವಿನಾಯಿತಿ ಸಿಗಲಿಲ್ಲ. ತಾನಾಗಿ ಕೊಳೆಯುವ ಚೀಲದಿಂದ ಏನು ತೊಂದರೆ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಯಾವ ಚೀಲವೂ ತಾನಾಗಿ ಕೊಳೆಯುವುದಿಲ್ಲ. ಅದನ್ನು ತಿನ್ನುವವರು ಬೇಕು. ಅವರೇ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು.

ಪ್ಲಾಸ್ಟಿಕ್ ಎಂದರೆ ಸಾವಿರಾರು ಚಿಕ್ಕ ಅಣುಗಳು ಕೊಂಡಿಗಳಂತೆ ಸೇರಿದ ಉದ್ದನೆಯ ಸರಪಳಿ. ಬ್ಯಾಕ್ಟೀರಿಯಾಕ್ಕೆ ಬಾಯಿಯಿಲ್ಲ, ಅಷ್ಟು ದೊಡ್ಡ ಸರಪಳಿ ಅದರ ಜೀವಕೋಶದೊಳಗೆ ಹೋಗದು. ಆದ್ದರಿಂದ ಅದು ಕಿಣ್ವಗಳನ್ನು ಹೊರಕ್ಕೆ ಸ್ರವಿಸುತ್ತದೆ. ಚಪಾತಿಯನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲವೇ? ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟದ ಸರಪಳಿಯನ್ನು ಕತ್ತರಿಸಿದ್ದರ ರುಚಿ ಅದು. ಬ್ಯಾಕ್ಟೀರಿಯಾ ಈ ಕೆಲಸವನ್ನು ಮೈಯ ಹೊರಗೆ ಮಾಡಿ, ತುಂಡುಗಳನ್ನು ಒಳಗೆಳೆದುಕೊಂಡು ಆಹಾರ ಮಾಡಿಕೊಳ್ಳುತ್ತದೆ. ಕೊನೆಗೆ ಹೊರಬರುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಗಾಳಿಯಿಲ್ಲದ ಕಡೆ ಮೀಥೇನ್ ಕೂಡ.

ಬೀಗಕ್ಕೆ ತಕ್ಕ ಕೀಲಿಕೈಯಂತೆ, ಕೊಂಡಿಗೆ ತಕ್ಕ ಕಿಣ್ವವಿರಬೇಕು. ಪಿ.ಎಚ್.ಬಿ. ಎಂಬ ಪ್ಲಾಸ್ಟಿಕ್ ಈ ವಿಷಯದಲ್ಲಿ ಅದೃಷ್ಟವಂತ. ಅದನ್ನು ತಯಾರಿಸುವುದೇ ಬ್ಯಾಕ್ಟೀರಿಯಾ! ನಾವು ಕೊಬ್ಬು ಕೂಡಿಡುವಂತೆ ಅವು ಇದನ್ನು ಒಳಗೆ ಕೂಡಿಡುತ್ತವೆ. ಬ್ಯಾಕ್ಟೀರಿಯಾದಲ್ಲಿ ಈ ವಸ್ತು ಇರುವುದನ್ನು ಫ್ರಾನ್ಸಿನ ಮಾರಿಸ್ ಲೆಮ್ವಾನ್ 1926ರಲ್ಲಿ ತಿಳಿಸಿದರು. ಹೀಗಾಗಿ ಅದನ್ನು ಕತ್ತರಿಸುವ ಕಿಣ್ವಗಳು ಮಣ್ಣಿನಲ್ಲಿ ಮೊದಲಿನಿಂದಲೂ ಇವೆ.

ಪಿ.ಎಲ್.ಎ. ಎಂಬುದರ ಕಥೆ ಬೇರೆ. ಮೊಸರನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲದ ಅಣುಗಳನ್ನು ಪೋಣಿಸಿ ಇದನ್ನು ಮಾಡುತ್ತಾರೆ. ಆ ಆಮ್ಲ ಜೋಳ ಅಥವಾ ಕಬ್ಬಿನ ಸಕ್ಕರೆಯಿಂದ ಬರುತ್ತದೆ. ಕೇಳಲು ಅಡುಗೆಮನೆಯ ವಸ್ತುವೇ. ಆದರೂ ಅದು ಬೇಗ ಕೊಳೆಯಬೇಕಾದರೆ ದೊಡ್ಡ ಕಾಂಪೋಸ್ಟ್ ಘಟಕದ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ತೇವವೂ ಬೇಕು. ಮೊದಲು ನೀರು ಸರಪಳಿಯನ್ನು ಸಡಿಲಿಸಬೇಕು, ಆಮೇಲೆ ಸೂಕ್ಷ್ಮಜೀವಿಗಳ ಊಟ. ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬಲು ಸತಾಯಿಸುವುದನ್ನು ಕಂಡ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಮುದ್ರದ ನೀರಿನಲ್ಲಿ ತೇವವಿದ್ದರೂ ಆ ಬಿಸಿಯಿಲ್ಲ. ಮರುಭೂಮಿಯಲ್ಲಿ ಬಿಸಿಲಿದ್ದರೂ ತೇವವಿಲ್ಲ. ಎರಡು ಕಡೆಯೂ ಪಿ.ಎಲ್.ಎ. ವರ್ಷಗಟ್ಟಲೆ ಹಾಗೆಯೇ ಉಳಿಯಬಲ್ಲದು.

ಇನ್ನು ಸಾಮಾನ್ಯ ಪಾಲಿಥೀನ್ ಚೀಲ. ಇದರ ಸರಪಳಿಯಲ್ಲಿ ಇಂಗಾಲಕ್ಕೆ ಇಂಗಾಲವೇ ಅಂಟಿಕೊಂಡಿರುವುದರಿಂದ ಕಿಣ್ವಗಳಿಗೆ ಕತ್ತರಿಸುವುದು ಬಲು ಕಷ್ಟ. ಗಾಳಿಗೆ ಹಾರಿದ ಇಂಥ ಚೀಲಗಳನ್ನು ಒಂಟೆಗಳು ಮೇವೆಂದು ನುಂಗುತ್ತವೆ. ಈ ಪ್ರದೇಶದಲ್ಲಿ 2008ರಿಂದ ಪರೀಕ್ಷಿಸಿದ ಸುಮಾರು 30,000 ಒಂಟೆಗಳಲ್ಲಿ 300ರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಗಂಟುಗಟ್ಟಿತ್ತೆಂದು ದುಬೈಯ ಪಶುವೈದ್ಯ ವಿಜ್ಞಾನಿಗಳೂ ಪಾಲ್ಗೊಂಡ ಅಧ್ಯಯನವೊಂದು 2021ರಲ್ಲಿ ವರದಿ ಮಾಡಿತು. ಒಂಟೆಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳಿಗೇನೂ ಕೊರತೆಯಿಲ್ಲ. ಮುಳ್ಳುಗಿಡದ ನಾರನ್ನೂ ಅವು ಒಡೆಯುತ್ತವೆ. ಈ ಚೀಲದ ಮುಂದೆ ಮಾತ್ರ ಅವುಗಳ ಆಟ ನಡೆಯುವುದಿಲ್ಲ.