ಒಸಡಿಗೂ ಬೇಕು ಊಟ

ಸ್ವಿಟ್ಜರ್ಲೆಂಡಿನಲ್ಲಿ ಹತ್ತು ಜನ ನಾಲ್ಕು ವಾರ ಶಿಲಾಯುಗದವರ ಹಾಗೆ ಬದುಕಿ ನೋಡಿದರು. ಬ್ರಷ್ಷಿಲ್ಲ, ಪೇಸ್ಟಿಲ್ಲ, ಸಕ್ಕರೆಯೂ ಇಲ್ಲ. ತಿಂದದ್ದು ಇಡೀ ಗೋದಿ, ಬಾರ್ಲಿ, ಹಾಲು, ಮಾಂಸ, ಒಂದಿಷ್ಟು ಜೇನು, ಸುತ್ತಮುತ್ತ ಸಿಕ್ಕ ಹಣ್ಣು-ಸೊಪ್ಪು. ಕೊನೆಯಲ್ಲಿ ದಂತವೈದ್ಯರು ಬಾಯಿ ಪರೀಕ್ಷಿಸಿದಾಗ ಹಲ್ಲಿನ ಮೇಲೆ ಪಾಚಿ ಹೆಚ್ಚಿತ್ತು. ಅದು ಎಲ್ಲರೂ ಊಹಿಸಿದ್ದೇ. ಊಹಿಸದಿದ್ದದ್ದು ಇನ್ನೊಂದು. ಒಸಡಿನ ಅಂಚಿಗೆ ಸಣ್ಣ ಕಡ್ಡಿ ಇಳಿಸಿದರೆ ರಕ್ತ ಜಿನುಗುತ್ತಿದ್ದ ಜಾಗಗಳು ಶೇ 35ರಿಂದ ಸುಮಾರು ಶೇ 13ಕ್ಕೆ ಇಳಿದಿದ್ದವು. 2009ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಇದೇಕೆ ಅಚ್ಚರಿ ಎಂದರೆ, 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಎಂಬ ವಿಜ್ಞಾನಿ ಹನ್ನೆರಡು ಜನರ ಹಲ್ಲುಜ್ಜುವುದನ್ನು ನಿಲ್ಲಿಸಿದ್ದರು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿಕೊಂಡಿತು. ಅವರದು ಮಾಮೂಲಿ ಊಟ. ಹತ್ತೇ ಜನರ ಪ್ರಯೋಗ ನೋಡಿ ಬ್ರಷ್ ಬಿಸಾಡುವಂತಿಲ್ಲ, ನಿಜ. ಆದರೆ ಅಷ್ಟೇ ಪಾಚಿಗೆ ಒಸಡು ಎಷ್ಟು ಸಿಡುಕುತ್ತದೆ ಎಂಬುದರಲ್ಲಿ ತಟ್ಟೆಗೂ ಪಾಲಿದೆ ಎಂದು ನನಗೆ ಅನಿಸುವುದು ಇಲ್ಲಿಯೇ.

ಚಹಾದಲ್ಲಿ ಅದ್ದಿದ ರಸ್ಕನ್ನೇ ನೋಡಿ. ಮೈದಾ ಮತ್ತು ಸಕ್ಕರೆ ಮೆತ್ತಗಾಗಿ ಹಲ್ಲು-ಒಸಡು ಕೂಡುವ ಸಂದಿಯಲ್ಲಿ ಕೂರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಲ್ಲಿ ಹಬ್ಬ. ಸಿಹಿ ಮತ್ತೆ ಮತ್ತೆ ಬಾಯಿಗೆ ಹೋದಷ್ಟೂ ಪಾಚಿ ದಪ್ಪವಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಉರಿಯೂತವೂ ಏರುತ್ತದೆ. ಮಧುಮೇಹಿಗಳಲ್ಲಿ ಒಸಡಿನ ಕಾಯಿಲೆ ಹೆಚ್ಚು. ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ತರುವುದೂ ಕಷ್ಟ.

ಇನ್ನು ಒಸಡನ್ನು ಕಟ್ಟುವ ಕೆಲಸ. ಹಲ್ಲನ್ನು ದವಡೆಗೆ ಬಿಗಿದಿಡುವುದು ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಮೂರು ಎಳೆ ಸೇರಿ ಹುರಿಯಾದ ಹಗ್ಗ ಅದು. ಎಳೆಗಳು ಬಿಚ್ಚಿಕೊಳ್ಳದಂತೆ ಅಲ್ಲಲ್ಲಿ ಆಮ್ಲಜನಕ ಸೇರಿಸುವ ಕಿಣ್ವವೊಂದಿದೆ. ಅದರ ಒಡಲಲ್ಲಿ ಒಂದು ಕಬ್ಬಿಣದ ಪರಮಾಣು. ಕೆಲಸದ ನಡುವೆ ಆ ಕಬ್ಬಿಣ ತುಕ್ಕು ಹಿಡಿದಂತೆ ಕೈಕೊಟ್ಟರೆ ಮತ್ತೆ ಸರಿ ಮಾಡುವುದು ವಿಟಮಿನ್ ಸಿ. ಒಸಡಿನ ನಾರುಗಳು ಸವೆದು ಹೊಸದಾಗುವ ವೇಗ ಹೆಚ್ಚು. ಹಾಗಾಗಿ ಕೊರತೆ ಬೇಗ ಕಾಣುವ ಜಾಗಗಳಲ್ಲಿ ಅದೂ ಒಂದು. ಮೇಕೆ ಈ ವಿಟಮಿನ್ನನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತದೆ. ನಮಗೆ ಆ ಶಕ್ತಿಯಿಲ್ಲ, ತಿಂದೇ ಪಡೆಯಬೇಕು.

ಸಮುದ್ರದಲ್ಲಿ ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪುಮಾಂಸ ತಿಂದ ನಾವಿಕರ ಒಸಡು ಕಪ್ಪಗೆ ಊದಿ ಹಲ್ಲು ಅಲುಗಾಡುತ್ತಿದ್ದವು. ಅದೇ ಸ್ಕರ್ವಿ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದವರಲ್ಲೊಬ್ಬ ಆರೇ ದಿನದಲ್ಲಿ ಕೆಲಸಕ್ಕೆ ಏಳುವಂತಾದ.

ನಮ್ಮ ಹಿತ್ತಲಲ್ಲಿ ಅದಕ್ಕಿಂತ ಮಿಗಿಲಾದದ್ದಿದೆ. ನೂರು ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ವಿಟಮಿನ್ ಸಿ ಇದ್ದರೆ ಸೀಬೆಹಣ್ಣಿನಲ್ಲಿ 200ರ ಹತ್ತಿರ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 80ರ ಆಸುಪಾಸು. ಅರ್ಧ ಸೀಬೆ ಸಾಕು. ಬೇಯಿಸಿ ನೀರು ಬಸಿದರೆ ಈ ವಿಟಮಿನ್ ಸಾಕಷ್ಟು ಆ ನೀರಿನ ಜೊತೆ ಹೋಗುತ್ತದೆ. ಚಿತ್ರಾನ್ನಕ್ಕೆ ಒಲೆ ಆರಿಸಿದ ಮೇಲೆ ನಿಂಬೆ ಹಿಂಡುವ ಪದ್ಧತಿ ರುಚಿಗೂ ಸರಿ, ಒಸಡಿಗೂ ಸರಿ. ಕೋಸಂಬರಿಯಂತೂ ಹಸಿಯದೇ.

ಆದರೆ ಪಾಚಿ ಗಟ್ಟಿಯಾಗಿ ಕಲ್ಲಾಗಿದ್ದರೆ ಯಾವ ಹಣ್ಣೂ ಅದನ್ನು ಕೀಳಲಾರದು, ದಂತವೈದ್ಯರೇ ತೆಗೆಯಬೇಕು. ರಕ್ತ ಬಂತೆಂದು ಹೆದರಿ ಹಲ್ಲುಜ್ಜುವುದು ಬಿಟ್ಟರೆ ಇನ್ನೂ ಕೆಡುತ್ತದೆ.

ನಾಳೆ ಬೆಳಿಗ್ಗೆ ಕನ್ನಡಿಯಲ್ಲಿ ತುಟಿ ಎತ್ತಿ ನೋಡಿಕೊಳ್ಳಿ. ನಮ್ಮಲ್ಲಿ ಹಲವರ ಒಸಡಿಗೆ ಕಂದು ಛಾಯೆ ಇರುತ್ತದೆ, ಅದು ಕಾಯಿಲೆಯಲ್ಲ. ಬಣ್ಣಕ್ಕಿಂತ ಮೇಲ್ಮೈ ನೋಡಿ: ಗಟ್ಟಿಮುಟ್ಟಾದ ಒಸಡಿನ ಮೇಲೆ ಅನೇಕರಲ್ಲಿ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಊದಿಕೊಂಡಾಗ ಅವು ಅಳಿಸಿಹೋಗಿ ಒಸಡು ನುಣ್ಣಗೆ ಮಿರುಗುತ್ತದೆ.