ಹಳೆಯ ಯಂತ್ರದೊಡನೆ ಮಾತುಕತೆ

ನಮ್ಮ ಶಾಲೆಯಲ್ಲಿ ಓದಿ, ಆಮೇಲೆ ಐ.ಟಿ.ಐ. ಮುಗಿಸಿ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ತರುಣನೊಬ್ಬನು ಬೇಸಗೆಯ ರಜೆಯಲ್ಲಿ ನಮ್ಮನ್ನು ಕಾಣಲು ಬಂದಿದ್ದನು. ಮಾತಿನ ನಡುವೆ, “ಮೇಷ್ಟ್ರೇ, ಎರಡು ದಿವಸ ಒಂದು ಮೂಕ ಯಂತ್ರದ ಮುಂದೆ ಕುಳಿತಿದ್ದೆ” ಎಂದನು. ಕುಲುಮೆಯ ಉಷ್ಣತೆಯನ್ನು ಕಾಯುವ ಹಳೆಯ ಪಿ.ಎಲ್.ಸಿ.ಯೊಂದನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸ ಅವನ ಪಾಲಿಗೆ ಬಂದಿತ್ತಂತೆ. ಕೇಬಲನ್ನು ಸಿಕ್ಕಿಸಿ ಎಷ್ಟು ಕೇಳಿದರೂ ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಅವನಿಂದ ಕೇಳಿದುದನ್ನೂ ಆಮೇಲೆ ನಾವು ಓದಿ ತಿಳಿದುದನ್ನೂ ಕೂಡಿಸಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಕಾರ್ಖಾನೆಗೆ ಹೋಗುವವರು ಅನೇಕರಿರುವುದರಿಂದ ಈ ವಿಷಯ ನಮಗೆ ಹೊರಗಿನದೆಂದು ಯಾರೂ ಎಣಿಸಲಾರರು.

ಪಿ.ಎಲ್.ಸಿ. ಎಂದರೆ ಕಾರ್ಖಾನೆಯ ಯಂತ್ರಗಳನ್ನು ಕ್ರಮವರಿತು ನಡೆಸುವ ಒಂದು ಕಂಪ್ಯೂಟರೇ ಸರಿ. ಅದಕ್ಕೆ ಮೊದಲು ಈ ಕೆಲಸವನ್ನು ನೂರಾರು ರಿಲೇಗಳು ಮಾಡುತ್ತಿದ್ದುವು. ಯಂತ್ರದ ಕ್ರಮವನ್ನು ಬದಲಾಯಿಸಬೇಕಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಗಿತ್ತು. ೧೯೬೮ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಇದಕ್ಕೆ ಬದಲು ಬೇರೊಂದು ಉಪಾಯ ಬೇಕೆಂದು ಕೇಳಿತು. ಡಿಕ್ ಮಾರ್ಲಿ ಎಂಬವರೂ ಅವರ ಸಂಗಡಿಗರೂ ‘ಮಾಡಿಕಾನ್ ೦೮೪’ ಎಂಬುದನ್ನು ರಚಿಸಿದರು. ಅದು ಅವರ ಸಂಸ್ಥೆಯ ೮೪ನೆಯ ಯೋಜನೆಯಾದ್ದರಿಂದ ಆ ಹೆಸರು. ಇಂಥ ಯಂತ್ರಗಳೊಡನೆ ಮಾತನಾಡಲು ‘ಮಾಡ್‌ಬಸ್’ ಎಂಬ ನಿಯಮಾವಳಿಯನ್ನು ಮಾಡಿಕಾನ್ ಸಂಸ್ಥೆಯು ೧೯೭೯ರಲ್ಲಿ ಪ್ರಕಟಿಸಿತು. ನಮ್ಮ ತರುಣನ ಯಂತ್ರಕ್ಕೆ ತಿಳಿದಿದ್ದ ಭಾಷೆಯೂ ಇದೇ.

ಹಳೆಯದನ್ನು ತೆಗೆದುಹಾಕಿ ಹೊಸದನ್ನು ಕೂರಿಸಬಾರದೇ ಎಂದು ಯಾರಾದರೂ ಕೇಳಬಹುದು. ಕುಲುಮೆಯನ್ನು ಅಷ್ಟು ದಿನ ನಿಲ್ಲಿಸಿದರೆ ಆಗುವ ನಷ್ಟ ಒಂದು ಕಡೆ. ಇನ್ನೊಂದು ಕಡೆ, ಇಪ್ಪತ್ತು ಮೂವತ್ತು ವರ್ಷಗಳಿಂದ ಅದು ನಡೆಸುತ್ತಿರುವ ಕ್ರಮವೆಲ್ಲ ಅದರ ಹೊಟ್ಟೆಯೊಳಗೇ ಇದೆ. ಬರೆದಿಟ್ಟವರು ನಿವೃತ್ತರಾಗಿರುತ್ತಾರೆ, ಕಾಗದ ಕಳೆದುಹೋಗಿರುತ್ತದೆ. ಅನೇಕ ಹಳೆಯ ಮಾದರಿಗಳಲ್ಲಿ ಈ ನೆನಪನ್ನು ಕಾಪಾಡುವುದು ಒಂದು ಸಣ್ಣ ಬ್ಯಾಟರಿ. ಬ್ಯಾಟರಿ ಸತ್ತ ಮೇಲೆ ಒಮ್ಮೆ ವಿದ್ಯುತ್ತು ಹೋದರೆ ಕಲಿತುದೆಲ್ಲ ಮಾಯ. ಅದನ್ನು ನಕಲು ಮಾಡಿಕೊಳ್ಳುವುದಕ್ಕೂ ಆ ಕೇಬಲೇ ದಾರಿ. ಆದುದರಿಂದ ಯಂತ್ರ ಮೂಕವಾಗಿರುವುದು ಬರಿಯ ಅನಾನುಕೂಲವಲ್ಲ.

ಇನ್ನು ಮಾತುಕತೆಯ ರೀತಿ. ಕಂಪ್ಯೂಟರು ಸಂಖ್ಯೆಗಳನ್ನು ಸೊನ್ನೆ, ಒಂದು ಎಂಬ ಎರಡೇ ಗುರುತುಗಳಲ್ಲಿ ಬರೆಯುತ್ತದೆ. ಈ ಗುರುತಿಗೆ ಬಿಟ್ ಎಂದು ಹೆಸರು. ಎಂಟು ಬಿಟ್‌ಗಳು ಕೂಡಿದರೆ ಒಂದು ಬೈಟ್. ಎಂಟನ್ನೂ ಎಂಟು ತಂತಿಗಳಲ್ಲಿ ಏಕಕಾಲಕ್ಕೆ ಕಳುಹಿಸಬಹುದು. ಇಲ್ಲವೇ ಒಂದೇ ತಂತಿಯಲ್ಲಿ ಒಂದರ ಹಿಂದೆ ಒಂದನ್ನು, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲಾಗಿ ತರಗತಿಗೆ ಹೋಗುವಂತೆ, ಕಳುಹಿಸಬಹುದು. ಈ ಎರಡನೆಯದೇ ಸೀರಿಯಲ್ ವಿಧಾನ. ತಂತಿಯ ಖರ್ಚು ಕಡಮೆ. ಆದರೆ ಒಂದು ಬಿಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂದು ಕೇಳುವವನಿಗೆ ತಿಳಿಯುವುದು ಹೇಗೆ? ಗಡಿಯಾರದಿಂದ. ಸೆಕೆಂಡಿಗೆ ಇಷ್ಟು ಬಿಟ್‌ಗಳೆಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಇದನ್ನು ಬಾಡ್ ರೇಟ್ ಎನ್ನುವರು; ತಂತಿ ವಾರ್ತೆಯನ್ನು ಸುಧಾರಿಸಿದ ಫ್ರಾನ್ಸ್ ದೇಶದ ಬೋಡೊ ಎಂಬವರ ಹೆಸರಿನಿಂದ ಬಂದ ಮಾತು ಅದು. ಹಳೆಯ ಯಂತ್ರಗಳಲ್ಲಿ ೯೬೦೦ ಬಹಳ ಸಾಮಾನ್ಯ.

ವೇಗವೊಂದೇ ಸಾಲದು. ಪ್ರತಿ ಬೈಟಿನ ಮುಂದೆ ‘ಇಗೋ ಬಂದೆ’ ಎನ್ನುವ ಒಂದು ಬಿಟ್, ಕೊನೆಯಲ್ಲಿ ‘ಮುಗಿಯಿತು’ ಎನ್ನುವ ಒಂದು ಬಿಟ್ ಇರುತ್ತವೆ. ಇವುಗಳ ನಡುವೆ, ಎಂಟು ಬಿಟ್‌ಗಳಾದ ಮೇಲೆ, ಪ್ಯಾರಿಟಿ ಎಂಬ ಕಾವಲು ಬಿಟ್ ಒಂದನ್ನು ಇಡಬಹುದು. ಏಳು ಎಂಬ ಸಂಖ್ಯೆಯನ್ನು ಬಿಟ್‌ಗಳಲ್ಲಿ ೦೦೦೦೦೧೧೧ ಎಂದು ಬರೆಯುತ್ತಾರೆ; ಇದರಲ್ಲಿ ಮೂರು ಒಂದುಗಳಿವೆ. ಒಂದುಗಳ ಲೆಕ್ಕ ಯಾವಾಗಲೂ ಸಮಸಂಖ್ಯೆಯಾಗಿರಬೇಕೆಂದು ಒಪ್ಪಂದವಿದ್ದರೆ ಕಾವಲು ಬಿಟ್ ತಾನೂ ಒಂದಾಗಿ ಲೆಕ್ಕವನ್ನು ನಾಲ್ಕು ಮಾಡುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಲೆಕ್ಕ ತಪ್ಪಿ ತಪ್ಪು ಬಯಲಾಗುತ್ತದೆ. ಹೀಗೆ ಒಂದು ಬೈಟಿಗೆ ಒಟ್ಟು ೧೧ ಬಿಟ್‌ಗಳು. ಈ ಲೆಕ್ಕವನ್ನು ನಾವು ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟು ನೋಡಿದೆವು. ಹತ್ತು ನಿಮಿಷದಲ್ಲಿ ಗ್ರಹಿಸಿದರು. ಕಠಿನವೆಂಬ ಹೆದರಿಕೆ ದೊಡ್ಡವರದೇ ಹೆಚ್ಚು.

ಈಗ ಆ ತರುಣನ ಕಥೆಗೆ ಬರೋಣ. ಅವನ ಯಂತ್ರಕ್ಕೆ ೧೯೬೦ರಿಂದ ಬಳಕೆಯಲ್ಲಿರುವ ಆರ್.ಎಸ್.-೨೩೨ ಎಂಬ ಪದ್ಧತಿಯ ಒಂಬತ್ತು ಪಿನ್ನುಗಳ ಪೋರ್ಟ್ ಇತ್ತು. ಕಂಪ್ಯೂಟರಿನ ಕಡೆ ೨ನೆಯ ಪಿನ್ ಕೇಳುವುದು, ೩ನೆಯದು ಹೇಳುವುದು, ೫ನೆಯದು ಇಬ್ಬರಿಗೂ ಸಮಾನವಾದ ನೆಲೆ. ಪಿ.ಎಲ್.ಸಿ.ಯ ಕಡೆಯೂ ಹಾಗೆಯೇ ಇದ್ದರೆ? ನೇರವಾದ ಕೇಬಲು ಬಾಯಿಗೆ ಬಾಯನ್ನೂ ಕಿವಿಗೆ ಕಿವಿಯನ್ನೂ ಕಟ್ಟಿದಂತೆ. ಇದನ್ನು ಕಂಡುಹಿಡಿಯಲು ಅವನು ಮಾಡಿದ ಉಪಾಯ ನಮಗೆ ಬಹಳ ಮೆಚ್ಚಿಕೆಯಾಯಿತು. ಈ ಪದ್ಧತಿಯಲ್ಲಿ ಹೇಳುವ ತಂತಿಯು ಸುಮ್ಮನಿರುವಾಗಲೂ ೩ರಿಂದ ೧೫ ವೋಲ್ಟಿನವರೆಗೆ ಋಣ ವಿದ್ಯುತ್ತನ್ನು ತೋರಿಸುತ್ತದೆ. ಕೇಳುವ ಪಿನ್ ಹೆಚ್ಚುಕಡಮೆ ಸೊನ್ನೆಯಲ್ಲಿರುತ್ತದೆ. ಮಲ್ಟಿಮೀಟರ್ ಇಟ್ಟು ೫ನೆಯ ಪಿನ್ನಿನೊಡನೆ ಒಂದೊಂದನ್ನೇ ಅಳೆದನು. ಎರಡು ಕಡೆಯೂ ೩ನೆಯದೇ ಬಾಯಿ! ಎರಡು ತಂತಿಗಳನ್ನು ಅದಲುಬದಲು ಮಾಡಿದನು. (ಒಂಬತ್ತು ಪಿನ್ನುಗಳ ಪೋರ್ಟೆಲ್ಲ ಒಂದೇ ಎಂದು ತಿಳಿಯಬಾರದು. ಕೆಲವು ಯಂತ್ರಗಳಲ್ಲಿ ಅದೇ ಆಕಾರದ ಪೋರ್ಟಿನಲ್ಲಿ ೨೪ ವೋಲ್ಟ್ ಇರುವುದುಂಟು. ನೋಡದೆ ಸಿಕ್ಕಿಸಿದರೆ ಕಂಪ್ಯೂಟರಿಗೆ ಅಪಾಯ.)

ಆದರೂ ಮೌನ. ಇಲ್ಲಿಯೇ ಅನೇಕರು ಎದೆಗೆಟ್ಟು ಒಂದೇ ಸಲ ನಾಲ್ಕು ವಿಷಯಗಳನ್ನು ಬದಲಾಯಿಸಿಬಿಡುತ್ತಾರೆ. ಆಮೇಲೆ ಯಾವುದು ಸರಿ, ಯಾವುದು ತಪ್ಪು ಎಂದು ದೇವರಿಗೇ ಗೊತ್ತು. ಮಾಡ್‌ಬಸ್ ಯಂತ್ರವು ಕೆಟ್ಟ ಬೈಟು ಬಂದರೆ ಬೈಯುವುದಿಲ್ಲ, ಸುಮ್ಮನಿರುತ್ತದೆ. ತನ್ನ ಸಂಖ್ಯೆಯನ್ನು ಹಿಡಿದು ಕರೆಯದಿದ್ದರೂ ಸುಮ್ಮನಿರುತ್ತದೆ. ಒಂದೊಂದು ಯಂತ್ರಕ್ಕೂ ೧ರಿಂದ ೨೪೭ರೊಳಗೆ ಒಂದು ಸಂಖ್ಯೆ ಉಂಟು. ಕಾರಣ ಯಾವುದಾದರೂ ಮೌನದ ರೂಪ ಒಂದೇ. ಅವನು ಒಂದು ನೋಟ್‌ಬುಕ್ಕಿನಲ್ಲಿ ವೇಗ, ಪ್ಯಾರಿಟಿ, ಯಂತ್ರದ ಸಂಖ್ಯೆ ಎಂದು ಮೂರು ಕಲಮು ಗೆರೆ ಹಾಕಿ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತ, ಪ್ರತಿಯೊಂದರ ಫಲವನ್ನೂ ಬರೆದನು. ಬರೆದುದು ಕನ್ನಡದಲ್ಲಿ ಎಂಬುದನ್ನು ನಗುತ್ತ ಹೇಳಿದನು, ನಾವು ನಗಲಿಲ್ಲ. ಕಂಪ್ಯೂಟರಿನಲ್ಲಿ ಪ್ಯಾರಿಟಿ ಇಲ್ಲವೆಂದು ಇತ್ತು. ಯಂತ್ರಕ್ಕೆ ಸಮಸಂಖ್ಯೆಯ ಪ್ಯಾರಿಟಿ ಬೇಕಾಗಿತ್ತು. ಅದನ್ನು ಸರಿಪಡಿಸಿದೊಡನೆ ಉತ್ತರ ಬಂದಿತು.

ಬಂದ ಉತ್ತರವಾದರೂ ನಿರಾಕರಣೆ! ‘ಓದಿ ಹೇಳು’ ಎಂಬ ಅಪ್ಪಣೆಯ ಸಂಖ್ಯೆ ೩. ಯಂತ್ರವು ಅದಕ್ಕೆ ೧೨೮ನ್ನು ಕೂಡಿಸಿ ೧೩೧ ಎಂದು ಮರಳಿಸಿ, ಜೊತೆಗೆ ೨ ಎಂಬ ಕಾರಣವನ್ನು ಕೊಟ್ಟಿತ್ತು: ಅಂಥ ಮನೆ ನನ್ನಲ್ಲಿಲ್ಲ. ಅವನು ಕುರ್ಚಿಯಿಂದ ಎದ್ದು ಕುಣಿದನಂತೆ. ‘ಇಲ್ಲ’ ಎನ್ನುವುದಕ್ಕೂ ಪ್ರಶ್ನೆ ಸರಿಯಾಗಿ ಕಿವಿಗೆ ಬಿದ್ದಿರಬೇಕಷ್ಟೆ. ತಂತಿ, ವೇಗ, ಪ್ಯಾರಿಟಿ, ಯಂತ್ರದ ಸಂಖ್ಯೆ ನಾಲ್ಕೂ ಸರಿಯೆಂದು ಆ ಒಂದು ನಿರಾಕರಣೆಯಿಂದ ಸಿದ್ಧವಾಯಿತು.

ಉಳಿದುದು ಮನೆಯ ಸಂಖ್ಯೆ. ಕೈಪಿಡಿಯಲ್ಲಿ ಕುಲುಮೆಯ ಉಷ್ಣತೆ ೪೦೦೦೧ರಲ್ಲಿದೆ ಎಂದು ಬರೆದಿತ್ತು. ಅವನು ಆ ಸಂಖ್ಯೆಯನ್ನೇ ಕೇಳಿದ್ದನು. ಆದರೆ ಮೊದಲಿನ ೪ ಎಂಬುದು ಯಾವ ಬಗೆಯ ಮನೆ ಎಂಬುದರ ಗುರುತು ಮಾತ್ರ. ಹಾಗಾದರೆ ೧ ಎಂದು ಕೇಳಿದನು. ೮೫೦ ಎಂದು ಬಂದಿತು. ಸಂತೋಷವಾಯಿತು, ಆದರೆ ಕುಲುಮೆಯ ಬಾಗಿಲು ತೆರೆದಾಗಲೂ ಆ ೮೫೦ ಅಲುಗಲಿಲ್ಲ. ಅದು ಇರಬೇಕಾದ ಉಷ್ಣತೆಯೇ ಹೊರತು ಇರುವ ಉಷ್ಣತೆಯಲ್ಲ. ಪುಸ್ತಕವು ಒಂದರಿಂದ ಎಣಿಸಿದರೆ ತಂತಿಯ ಮೇಲಿನ ಸಂದೇಶವು ಸೊನ್ನೆಯಿಂದ ಎಣಿಸುತ್ತದೆ. ೦ ಎಂದು ಕೇಳಿದಾಗ ೮೪೩ ಬಂದಿತು. ಬಾಗಿಲು ತೆರೆದರೆ ಇಳಿಯಿತು, ಮುಚ್ಚಿದರೆ ಏರಿತು. ಆ ಪ್ರಶ್ನೆ ಒಟ್ಟು ಎಂಟೇ ಬೈಟು: ೧, ೩, ೦, ೦, ೦, ೧, ಮತ್ತು ತಪ್ಪು ಹಿಡಿಯುವ ಎರಡು ಬೈಟು. ೯೬೦೦ರ ವೇಗದಲ್ಲಿ ಅದು ಹೋಗಿ ಮುಟ್ಟಲು ಸೆಕೆಂಡಿನ ನೂರನೆಯ ಒಂದು ಭಾಗವೂ ಬೇಡ.

ದೂರದ ವಿಷಯ ಒಂದು ಮಾತು: ಆರ್.ಎಸ್.-೨೩೨ ಸುಮಾರು ೧೫ ಮೀಟರಿಗೆ ಹೇಳಿಸಿದ್ದು. ಅದಕ್ಕಿಂತ ದೂರವಿದ್ದರೆ, ಅಥವಾ ಅನೇಕ ಯಂತ್ರಗಳನ್ನು ಒಂದೇ ಸಾಲಿಗೆ ಕಟ್ಟಬೇಕಾದರೆ ಆರ್.ಎಸ್.-೪೮೫ ಎಂಬುದು ಬೇಕು. ಅದು ೧೨೦೦ ಮೀಟರಿನವರೆಗೂ ನಡೆಯುತ್ತದೆ.

ಕೆಲಸ ಮುಗಿದ ದಿನ ಅವನು ವೇಗ, ಪ್ಯಾರಿಟಿ, ಯಂತ್ರದ ಸಂಖ್ಯೆ, ಕೇಬಲಿನ ಚಿತ್ರ ಇವನ್ನು ಒಂದು ಕಾಗದದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದನು. ಅದೇ ವಾರ ಯಂತ್ರದ ಹೊಟ್ಟೆಯಲ್ಲಿದ್ದ ಕ್ರಮವನ್ನು ತಯಾರಕರ ಸಾಫ್ಟ್‌ವೇರಿನಿಂದ ನಕಲು ಮಾಡಿಕೊಂಡರಂತೆ. ಬ್ಯಾಟರಿಯನ್ನು ಬದಲಾಯಿಸಿದ್ದು ಅದಾದ ಮೇಲೆ, ಕೈಪಿಡಿ ಹೇಳಿದಂತೆ ವಿದ್ಯುತ್ತನ್ನು ನಿಲ್ಲಿಸದೆಯೇ.